ಮೈಗೆ ಕಟ್ಟಿದ ಮೈಕು

ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆಯುವವರೆಗೆ ಯಕ್ಷಗಾನ ಮೇಳಗಳು ಹೊರಡುವುದಿಲ್ಲ. ಆ ಮಳೆಯ ತಿಂಗಳುಗಳಲ್ಲಿ ಬಯಲಿನ ಆಟ ಮಂಗಳೂರಿನ ಸಭಾಂಗಣಗಳ ಒಳಗೆ ಬರುತ್ತದೆ. ಇದು ಕುದ್ಮುಲ್ ರಂಗರಾವ್ ಪುರಭವನ. ಸಂಜೆಗೆ ‘ಕೃಷ್ಣಾರ್ಜುನ ಕಾಳಗ’. ಚೌಕಿಯಲ್ಲಿ ಇನ್ನೂ ಯಾರೂ ಬಣ್ಣಕ್ಕೆ ಕೂತಿಲ್ಲ. ಮೈಕು ಸೆಟ್ಟಿನ ಯುವಕ ರಂಗದ ಬದಿಯಲ್ಲಿ ಕಾರ್ಡ್‌ಲೆಸ್ ಮೈಕುಗಳ ಪೆಟ್ಟಿಗೆ ಬಿಚ್ಚುತ್ತಿದ್ದಾನೆ. ಆಟಕ್ಕೆ ಬೇಗನೆ ಬಂದಿರುವ ಹಿರಿಯರು ನಿವೃತ್ತ ಅಧ್ಯಾಪಕರು, ತಾಳಮದ್ದಳೆಯ ಅರ್ಥಧಾರಿ. ಮಾತು ಶುರು ಮಾಡಿದ್ದು ಅವರೇ.

ಹಿರಿಯರು: ಇದನ್ನೆಲ್ಲ ವೇಷಕ್ಕೆ ಕಟ್ಟುದಾ? ಮೇಲೆ ಮೂರು ಮೈಕು ನೇತು ಹಾಕಿದ್ರೆ ಸಾಕಲ್ವಾ ಮಾರಾಯ? ಇಷ್ಟು ವರ್ಷ ಹಾಗೇ ನಡೆದದ್ದು.

ಯುವಕ: ನಡೆದದ್ದು ಹೌದು ಮಾಷ್ಟ್ರೆ. ಹೇಗೆ ನಡೆಯಿತು ಅಂತ ನೋಡಿ. ವೇಷಧಾರಿಯ ಬಾಯಿಗಿಂತ ಆ ಮೈಕು ನಾಲ್ಕೈದು ಅಡಿ ಮೇಲೆ. ಚೆಂಡೆಯೂ ಅದಕ್ಕೆ ಹೆಚ್ಚು ದೂರ ಇಲ್ಲ. ಮಾತು ಕೇಳಬೇಕು ಅಂತ ನಾನು ಮೈಕು ಏರಿಸಿದ್ರೆ ಚೆಂಡೆಯೂ ಏರ್ತದೆ. ಇನ್ನೂ ಏರಿಸಿದ್ರೆ ಬಾಕ್ಸಿನಿಂದ ಬಂದ ಶಬ್ದವೇ ಮತ್ತೆ ಮೈಕಿನೊಳಗೆ ಹೋಗಿ ಹಾಲ್ ಪೂರ್ತಿ ಕೂಗಾಟ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಆದ್ರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಹೆಚ್ಚು ಸಿಗ್ತದೆ. ನಾಲ್ಕು ಅಡಿ ಎರಡಾದ್ರೆ 6, ಎರಡು ಅಡಿ ಒಂದಾದ್ರೆ ಇನ್ನೊಂದು 6. ಕೆನ್ನೆಯ ಹತ್ತಿರ ಬಂದ್ರೆ ನಾನು ಬೇರೆ ಎಂತದೂ ಏರಿಸಬೇಕೂಂತ ಇಲ್ಲ.

ಹಿರಿಯರು: ಸ್ಟ್ಯಾಂಡ್ ಮೈಕು ಉಂಟಲ್ಲ. ಅದು ಬಾಯಿ ಹತ್ತಿರವೇ ಇರ್ತದೆ.

ಯುವಕ: ಸ್ಟ್ಯಾಂಡ್ ಮೈಕು ಎಂತ ಮಾಡಿತು ಅಂತ ನೀವೇ ಹೆಚ್ಚು ಕಂಡವರು. ರಥದಲ್ಲಿ ಕೂತು ಮಾತಾಡಬೇಕಾದ ಅರ್ಜುನ ಎದ್ದು ಮೈಕಿನ ಹತ್ತಿರ ಬರ್ತಾನೆ. ಕೃಷ್ಣನೂ ಅಲ್ಲಿಗೇ ಬರ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುದಿಲ್ಲ, ಇಬ್ಬರೂ ಮೈಕಿನ ಮುಖ ನೋಡುದು. ಅಷ್ಟು ಅಗಲದ ರಂಗಸ್ಥಳದಲ್ಲಿ ಆಡ್ಲಿಕ್ಕೆ ಉಳಿಯುದು ಒಂದು ಚದರಡಿ ಜಾಗ. ಮೈಕು ಬರುವ ಮೊದಲು ವೇಷಧಾರಿಗೆ ಇದ್ದ ರಂಗಸ್ಥಳವನ್ನು ನಾನು ಅವನಿಗೆ ವಾಪಸು ಕೊಡುದು, ಮಾಷ್ಟ್ರೆ.

ಹಿರಿಯರು: ಆ ಮಾತು ಒಪ್ಪಿದೆ. ಮೈಕಿನ ಸುತ್ತ ಗುಂಪು ಕಟ್ಟುದು ನನಗೂ ಸೇರುದಿಲ್ಲ. ಆದ್ರೆ ಮೈಕು ಬರುವ ಮೊದಲು ರಂಗಸ್ಥಳ ಮಾತ್ರ ಇದ್ದದ್ದಲ್ಲ, ಸ್ವರವೂ ಇತ್ತು. ಕೊಯ್ಲು ಮುಗಿದ ಗದ್ದೆ, ಸುತ್ತ ಜನ, ಕೊನೆಯಲ್ಲಿ ಕೂತವನಿಗೂ ಪದ ಕೇಳಬೇಕು. ಅದಕ್ಕೆ ಭಾಗವತರು ಎತ್ತರದ ಶ್ರುತಿಯಲ್ಲಿ ಹಾಡಿದ್ರು. ಹಾಗೆ ಹಾಡಿದ ಬಲಿಪ ನಾರಾಯಣ ಭಾಗವತರು ತೀರಿಕೊಂಡದ್ದು 2023ರಲ್ಲಿ. ಅವರ ಕಂಠ ಕೇಳಿದವರಿಗೆ ನಾನು ಹೇಳುದು ಎಂತ ಅಂತ ಗೊತ್ತುಂಟು. ಆ ಏರುಶ್ರುತಿ ಶೋಕಿಗೆ ಬಂದದ್ದಲ್ಲ, ಬಯಲಿನಲ್ಲಿ ಕೇಳಬೇಕಾದ ಅಗತ್ಯದಿಂದ ಹುಟ್ಟಿದ್ದು. ಅಗತ್ಯ ಹೋದ್ರೆ ಕಲೆಯೂ ಸಡಿಲ ಆಗ್ತದೆ.

ಯುವಕ: ಕಂಠ ಉಳ್ಳವರ ಕಂಠವನ್ನು ಮೈಕು ತೆಗೆದುಕೊಳ್ಳುದಿಲ್ಲ. ಇಲ್ಲದವರಿಗೆ ದಾರಿ ಕೊಡ್ತದೆ. ಇವತ್ತಿನ ಸುಭದ್ರೆ ಕಾಲೇಜು ಹುಡುಗಿ. ಅರ್ಥ ಹೇಳುದು ಕೇಳಿದ್ದೇನೆ, ಚಂದ ಹೇಳ್ತಾಳೆ. ಗದ್ದೆಯ ಕೊನೆಗೆ ಮುಟ್ಟುವ ಸ್ವರ ಇಲ್ಲ ಅಂತ ಅವಳನ್ನು ರಂಗಸ್ಥಳದಿಂದ ಹೊರಗಿಡುದು ನ್ಯಾಯವಾ? ಎದುರಿಗೆ ಕೂರುವವರಲ್ಲಿ ಕಿವಿ ಮಂದ ಆದ ಅಜ್ಜ, ಅಜ್ಜಿ ಎಷ್ಟು ಜನ ಇರ್ತಾರೆ! ಅವರಿಗೆ ಮಾತಿನ ವ್ಯಂಜನ ಕೇಳದಿದ್ರೆ ಆಟ ಬರೀ ಗದ್ದಲ.

ಹಿರಿಯರು: ಹುಡುಗಿ ಹಾಡಲಿ, ಕುಣಿಯಲಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ನನ್ನ ಚಿಂತೆ ಬೇರೆ. ಸಿಟ್ಟಿನಲ್ಲಿ ಒದರಿದ್ದು, ಗುಟ್ಟಿನಲ್ಲಿ ಪಿಸುಗುಟ್ಟಿದ್ದು, ಎರಡೂ ನಿನ್ನ ಬಾಕ್ಸಿನಿಂದ ಒಂದೇ ಗಾತ್ರದಲ್ಲಿ ಬಂದ್ರೆ ಭಾವಕ್ಕೆ ಏರಿಳಿತ ಎಲ್ಲಿ?

ಯುವಕ: ಒಂದೇ ಗಾತ್ರ ಮಾಡುದು ಕೆಟ್ಟ ಕೆಲಸ, ಮಾಷ್ಟ್ರೆ. ಸೊಂಟಕ್ಕೆ ಕಟ್ಟುವ ಈ ಟ್ರಾನ್ಸ್‌ಮಿಟರಿನಲ್ಲಿ ಗೇನ್ ಅಂತ ಒಂದು ಉಂಟು. ಅದನ್ನು ಇಡಬೇಕಾದ್ದು ವೇಷಧಾರಿಯ ಅತಿ ದೊಡ್ಡ ಅಟ್ಟಹಾಸಕ್ಕೆ. ಅಟ್ಟಹಾಸ ಒಡೆಯದ ಹಾಗೆ ಇಟ್ಟ ಮೇಲೆ ಪಿಸುಮಾತು ಪಿಸುಮಾತಾಗಿಯೇ ಬರ್ತದೆ. ಹೆಚ್ಚಿನವರು ಚೌಕಿಯಲ್ಲಿ “ಹಲೋ, ಹಲೋ” ಹೇಳಿ ಅದಕ್ಕೆ ಗೇನ್ ಇಡ್ತಾರೆ. ರಂಗಕ್ಕೆ ಬಂದು ಪದಕ್ಕೆ ಕುಣಿದು ಸ್ವರ ಏರಿಸಿದಾಗ ಪಟಪಟ ಒಡೀತದೆ. ಅದಕ್ಕೇ ನಾನು ಕಲಾವಿದರ ಹತ್ತಿರ ಕೇಳುದು: ಯುದ್ಧದ ಮಾತು ಒಂದು ಹೇಳಿ ತೋರಿಸಿ ಅಂತ.

ಹಿರಿಯರು: ಅದು ಸರಿ. ಇನ್ನು ದೊಡ್ಡ ಕಷ್ಟ ವೇಷದ್ದು. ಬಣ್ಣದ ವೇಷಕ್ಕೆ ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ. ಗಂಟೆಗಟ್ಟಲೆ ಕೂತು ಇಟ್ಟದ್ದು. ಅದರ ಮೇಲೆ ನಿನ್ನ ಕಡ್ಡಿ ಮೈಕು ಅಂಟಿಸಿದ್ರೆ ಬಣ್ಣ ಹೋಯ್ತು.

ಯುವಕ: ಬಣ್ಣದ ವೇಷಕ್ಕೆ ಕೆನ್ನೆಗೆ ಇಡುದೇ ಇಲ್ಲ. ಕಿರೀಟ ಕಟ್ಟುವ ಮೊದಲು ತಲೆಗೆ ಬಟ್ಟೆ ಸುತ್ತುತ್ತಾರಲ್ಲ, ಆ ಬಟ್ಟೆಯ ಅಂಚಿನಿಂದ ಮೈಕಿನ ತುದಿ ಹಣೆಗೆ ಸ್ವಲ್ಪ ಇಳಿಬಿಟ್ರೆ ಆಯ್ತು. ಬಾಯಿಗೆ ಹತ್ತಿರ ಆಗ್ತದೆ, ತಲೆ ಎಲ್ಲಿ ತಿರುಗಿದ್ರೂ ಮೈಕೂ ಅಲ್ಲಿಗೇ ತಿರುಗ್ತದೆ. ಎದೆಗೆ ಕಟ್ಟಿದ್ರೆ ಹಾಗಲ್ಲ. ಎದೆಪದಕ ತಾಗಿ ಟಣಟಣ ಅಂತದೆ, ತಲೆ ತಿರುಗಿಸಿದ್ರೆ ಮಾತು ತಪ್ಪಿ ಹೋಗ್ತದೆ. ಆದ್ರೆ ಈ ಕೆಲಸ ಬಣ್ಣ ಹಚ್ಚುವಾಗಲೇ ಆಗಬೇಕು. ವೇಷ ಪೂರ್ತಿ ಆದ ಮೇಲೆ “ಮೈಕು ಹಾಕು” ಅಂದ್ರೆ ಎಲ್ಲಿಗೆ ಹಾಕುದು?

ಹಿರಿಯರು: ಬೆವರು?

ಯುವಕ: ನಮ್ಮ ಊರಿನಲ್ಲಿ ಕಾರ್ಡ್‌ಲೆಸ್ ಮೈಕಿಗೆ ಮೊದಲ ಶತ್ರು ಅದೇ. ಕರಾವಳಿಯ ಸೆಕೆ, ಮೇಲಿಂದ ಅಷ್ಟು ಭಾರದ ವೇಷ. ಬೆವರು ವಯರಿನ ಮೇಲೆ ಇಳಿದು ಮೈಕಿನ ತುದಿಗೆ, ಪೆಟ್ಟಿಗೆಯ ಪಿನ್ನಿಗೆ ಹೋಗ್ತದೆ. ಉಪ್ಪು ಕೂತು ಪಿನ್ನು ಹಾಳು. ಟ್ರಾನ್ಸ್‌ಮಿಟರನ್ನು ಬಲೂನಿನ ಒಳಗೆ ಹಾಕಿ ಬಾಯಿ ಕಟ್ತೇನೆ. ಮೈಕಿನ ವಯರನ್ನು ಕುತ್ತಿಗೆಯ ಹಿಂದೆ ಒಂದು ಸುತ್ತು ಸಡಿಲ ಬಿಟ್ಟು ಅಂಟಿಸ್ತೇನೆ, ಬೆವರು ಆ ಸುತ್ತಿನಲ್ಲೇ ತೊಟ್ಟಿಕ್ಕಬೇಕು. ಟ್ರಾನ್ಸ್‌ಮಿಟರಿನಿಂದ ಹೊರಗೆ ಬರುವ ಈ ಗಿಡ್ಡ ವಯರ್ ಉಂಟಲ್ಲ, ಅದೇ ಆಂಟೆನಾ. ಅದನ್ನು ಮಡಚಿ ಕಚ್ಚೆಯ ಒಳಗೆ ತುರುಕಿದ್ರೆ ಸಿಗ್ನಲ್ ಅರ್ಧಕ್ಕರ್ಧ ಅಲ್ಲೇ ಸತ್ತು ಹೋಗ್ತದೆ. ನೆಟ್ಟಗೆ ಇಳಿಬಿಡಬೇಕು.

ಹಿರಿಯರು: ಮಧ್ಯೆ ಮಧ್ಯೆ “ಟರ್ರ್” ಅಂತ ಮಾತು ಕಡಿಯುದು ಇದರಿಂದಲಾ?

ಯುವಕ: ಅದಕ್ಕೆ ಕಾರಣ ಮೂರು ನಾಲ್ಕು ಇರ್ತದೆ. ಮನುಷ್ಯನ ಮೈಯಲ್ಲಿ ಇರುದು ಹೆಚ್ಚು ನೀರೇ, ಅದು ರೇಡಿಯೊ ತರಂಗವನ್ನು ಹೀರಿಕೊಳ್ತದೆ. ಆಂಟೆನಾ ಬೆನ್ನ ಮೇಲೆ, ರಿಸೀವರ್ ಎದುರಿಗೆ ಅಂದ್ರೆ ನಡುವೆ ಇಡೀ ದೇಹ. ದಿಗಿಣ ಹೊಡೆಯುವಾಗ ಸುತ್ತು ಸುತ್ತಿಗೂ ಸಿಗ್ನಲ್ ಏರಿಳೀತದೆ. ಗೋಡೆಗೆ, ಕಬ್ಬಿಣಕ್ಕೆ ಬಡಿದು ಬಂದ ತರಂಗ ನೇರ ಬಂದದ್ದನ್ನು ಅಳಿಸಿ ಬಿಡುದೂ ಉಂಟು. ಅದಕ್ಕೇ ಒಳ್ಳೆಯ ರಿಸೀವರಿಗೆ ಎರಡು ಆಂಟೆನಾ. ಒಂದಕ್ಕೆ ಸಿಗದ್ದು ಇನ್ನೊಂದಕ್ಕೆ ಸಿಗ್ತದೆ, ಯಂತ್ರವೇ ಒಳ್ಳೆಯದನ್ನು ಆರಿಸ್ತದೆ. 600 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 50 ಸೆಂಟಿಮೀಟರ್. ಆಂಟೆನಾಗಳನ್ನು ಅದರ ಕಾಲು ಭಾಗಕ್ಕಿಂತಲಾದರೂ ಹೆಚ್ಚು ದೂರ ದೂರ ಇಡಬೇಕು, ಜನರ ತಲೆಗಿಂತ ಮೇಲೆ, ರಂಗ ಕಾಣುವ ಹಾಗೆ. ಕೆಲವರು ರಿಸೀವರನ್ನು ಆಂಪ್ಲಿಫೈಯರಿನ ಹಿಂದೆ ನೆಲಕ್ಕಿಟ್ಟು “ಮೈಕು ಸರಿ ಇಲ್ಲ” ಅಂತಾರೆ.

ಹಿರಿಯರು: ನೀನು ಆಗಿಂದ ಆ ಪೆಟ್ಟಿಗೆಯ ಗುಂಡಿ ಒತ್ತಿ ಒತ್ತಿ ನೋಡುತ್ತಾ ಇದ್ದಿಯಲ್ಲ, ಅದೆಂತ?

ಯುವಕ: ಗಾಳಿಯಲ್ಲಿ ಯಾವ ಜಾಗ ಖಾಲಿ ಉಂಟು ಅಂತ ನೋಡುದು. ಮೊದಲು ನಮ್ಮ ಟ್ರಾನ್ಸ್‌ಮಿಟರ್ ಎಲ್ಲ ಆಫ್ ಮಾಡಿ ಸ್ಕ್ಯಾನ್ ಮಾಡಬೇಕು. ಆನ್ ಇಟ್ಟು ಸ್ಕ್ಯಾನ್ ಮಾಡಿದ್ರೆ ನಮ್ಮದನ್ನೇ ಬೇರೆಯವರದು ಅಂತ ತಿಳಿದು ಬಿಡ್ತದೆ. ಇದು ಹಂಪನಕಟ್ಟೆಯ ಬುಡ. ಒಂದು ಬದಿ ಸ್ಟೇಟ್‌ಬ್ಯಾಂಕಿನ ಬಸ್ಸುಗಳು, ಸುತ್ತ ಮೊಬೈಲ್ ಟವರ್. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್ ಜಿಯೊಗೆ ಹೋಯ್ತು, ಅದರಲ್ಲಿ ಈಗ 5ಜಿ. ಆ ಬ್ಯಾಂಡಿನ ಹಳೆ ಮೈಕು ನಿಮ್ಮಲ್ಲಿದ್ರೆ ಅದಕ್ಕೆ ಪೇಟೆಯಲ್ಲಿ ಇನ್ನು ಜಾಗ ಇಲ್ಲ. 2.4 ಗಿಗಾಹರ್ಟ್ಸಿನ ಸಣ್ಣ ಮೈಕು ಅಗ್ಗಕ್ಕೆ ಸಿಗ್ತದೆ, ಲೈಸೆನ್ಸ್ ಬೇಡದ ಬ್ಯಾಂಡ್ ಅದು. ಆದ್ರೆ ವೈಫೈ, ಬ್ಲೂಟೂತ್ ಕೂಡ ಅಲ್ಲೇ. ಖಾಲಿ ಹಾಲಿನಲ್ಲಿ ಚಂದ ಕೇಳ್ತದೆ. ನೂರಾರು ಜನ ಕಿಸೆಯಲ್ಲಿ ಫೋನ್ ಇಟ್ಟುಕೊಂಡು ಬಂದು ಕೂತ ಮೇಲೆ ಕಡಿಯಲಿಕ್ಕೆ ಶುರು.

ಹಿರಿಯರು: ಹಾಗಾದ್ರೆ ಐದು ವೇಷಕ್ಕೆ ಐದು ಖಾಲಿ ಜಾಗ ಹುಡುಕಿದ್ರೆ ಮುಗೀತಲ್ಲ.

ಯುವಕ: ಮುಗಿಯುದಿಲ್ಲ. ಕೃಷ್ಣನ ಮೈಕು 600, ಅರ್ಜುನನದು 601 ಅಂತ ಇಟ್ಟುಕೊಳ್ಳಿ. ಕಾಳಗದಲ್ಲಿ ಇಬ್ಬರೂ ಮೈಗೆ ಮೈ ತಾಗಿಸಿ ನಿಂತಾಗ ಎರಡು ಸಿಗ್ನಲ್ ಕಲೆತು 599ರಲ್ಲಿ, 602ರಲ್ಲಿ ಹೊಸ ಸಿಗ್ನಲ್ ಹುಟ್ತದೆ. ಸುಭದ್ರೆಯ ಮೈಕು 602ರಲ್ಲಿ ಇದ್ರೆ ಆ ಹೊತ್ತಿಗೆ ಅವಳ ಮಾತು ಹಾಳು. ಅವಳು ಗಂಡನಿಗೂ ಅಣ್ಣನಿಗೂ ನಡುವೆ ಬಂದು ಮಾತಾಡಬೇಕಾದ್ದು ಸರಿಯಾಗಿ ಆಗಲೇ. ಅದಕ್ಕೆ ಸಮ ಅಂತರದಲ್ಲಿ ಸಾಲಾಗಿ ಇಡುದೇ ತಪ್ಪು. ಲೆಕ್ಕ ಹಾಕಿ ಅಂತರ ಬೇರೆ ಬೇರೆ ಮಾಡಬೇಕು. ಕಂಪೆನಿಯವರು ಗುಂಪು ಗುಂಪಾಗಿ ಚಾನೆಲ್ ಕೊಟ್ಟಿರುದು ಆ ಲೆಕ್ಕದಲ್ಲೇ. ಒಂದೇ ಗುಂಪಿನದ್ದನ್ನು ಆರಿಸಿದ್ರೆ ಸುರಕ್ಷಿತ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಯುವಕ ಹಳೆ ಬ್ಯಾಟರಿಗಳನ್ನು ತೆಗೆದು ಬದಿಗಿಟ್ಟು ಹೊಸತು ಹಾಕುತ್ತಿದ್ದ.

ಹಿರಿಯರು: ಇಷ್ಟೆಲ್ಲ ಲೆಕ್ಕ ಯಾಕೆ ಬೇಕಾಯ್ತು ಹೇಳು. ಒಂದು ವಯರ್ ತಪ್ಪಿಸಲಿಕ್ಕೆ. ವಯರ್ ಕಡಿದ್ರೆ ಎಲ್ಲಿ ಕಡಿಯಿತು ಅಂತ ಕಣ್ಣಿಗೆ ಕಾಣ್ತದೆ. ಗಾಳಿಯಲ್ಲಿ ಕಡಿದ್ರೆ ನಿನಗೂ ಕಾಣುದಿಲ್ಲ.

ಯುವಕ: ಅದು ನಿಜ. ವಯರಿನಷ್ಟು ನಂಬಿಕೆಯದ್ದು ಇನ್ನೂ ಬಂದಿಲ್ಲ. ಭಾಗವತರಿಗೆ, ಚೆಂಡೆ ಮದ್ದಳೆಗೆ ನಾನು ಯಾವತ್ತೂ ವಯರಿನ ಮೈಕೇ ಇಡುದು. ಕೂತಲ್ಲೇ ಕೂರುವವರಿಗೆ ಗಾಳಿಯ ಉಸಾಬರಿ ಬೇಡ. ನಿಮ್ಮ ತಾಳಮದ್ದಳೆಗೂ ಅಷ್ಟೇ. ಕುಣಿಯುವವರಿಗೆ ಮಾತ್ರ ಇದು. ಕಾರ್ಡ್‌ಲೆಸ್ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಅಮೆರಿಕದ ಶೂರ್ ಕಂಪೆನಿ 1953ರಲ್ಲೇ ಒಂದನ್ನು ಮಾರಾಟಕ್ಕೆ ತಂದಿತ್ತು, ಜರ್ಮನಿಯ ಸೆನ್‌ಹೈಸರಿನದು 1957ರಲ್ಲಿ ಬಂತು. ಅದು ಹುಟ್ಟಿದ್ದೇ ರಂಗದ ಮೇಲೆ ಓಡಾಡುವವರಿಗಾಗಿ.

ಹಿರಿಯರು: ಅಲ್ಲಿಯ ರಂಗ ಬೇರೆ, ನಮ್ಮದು ಬೇರೆ. ‘ದೇವಿ ಮಹಾತ್ಮೆ’ಯ ಮಹಿಷಾಸುರನನ್ನು ತೆಗೆದುಕೋ. ಸಭೆಯ ಹಿಂದಿನಿಂದ ದೊಂದಿ ಹಿಡಿದು, ರಾಳ ಹಾರಿಸಿ, ಜನರ ಮಧ್ಯದಿಂದ ಅಬ್ಬರಿಸುತ್ತಾ ಬರ್ತಾನೆ. ಮಕ್ಕಳು ಬೆಚ್ಚಿ ಹಿಂದೆ ತಿರುಗ್ತಾರೆ. ಅವನ ತಲೆಗೂ ನೀನು ಇದನ್ನು ಕಟ್ಟಿದೆ ಅಂತಾದ್ರೆ ಅಬ್ಬರ ಎದುರಿನ ಬಾಕ್ಸಿನಿಂದ ಬರ್ತದೆ. ವೇಷ ಬೆನ್ನ ಹಿಂದೆ, ಸ್ವರ ಮುಖದ ಎದುರು! ಸ್ವರಕ್ಕೆ ಒಂದು ಸ್ಥಳ ಅಂತ ಉಂಟು. ನೀನು ರಂಗಸ್ಥಳವನ್ನು ವೇಷಕ್ಕೆ ವಾಪಸು ಕೊಟ್ಟೆ ಅಂದಿ. ಸ್ವರಕ್ಕೆ ಇದ್ದ ಸ್ಥಳವನ್ನು ಕಿತ್ತುಕೊಂಡಿ.

ಯುವಕ: ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಅರ್ಧ ಉಂಟು. ನಮ್ಮ ಕಿವಿ ಮೊದಲು ಮುಟ್ಟಿದ ಸ್ವರದ ಕಡೆಗೇ ತಿರುಗ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡ್ತದೆ, ವಯರಿನಲ್ಲಿ ಬಂದದ್ದು ಬಾಕ್ಸಿಗೆ ಆ ಕ್ಷಣವೇ ಮುಟ್ತದೆ. ವೇಷಧಾರಿ ಬಾಕ್ಸಿಗಿಂತ ಐದು ಮೀಟರ್ ಹಿಂದೆ ನಿಂತಿದ್ರೆ ಬಾಕ್ಸಿನ ಸ್ವರವನ್ನು ನಾನು 15 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ತಡ ಮಾಡ್ತೇನೆ. ಆಗ ಅವನ ಬಾಯಿಯ ಸ್ವರವೇ ಮೊದಲು ಮುಟ್ತದೆ. ಎದುರಿನ ಸಾಲುಗಳಿಗಾದರೂ ಮಾತು ರಂಗದಿಂದಲೇ ಬಂದ ಹಾಗೆ ಕೇಳ್ತದೆ. ಬಾಕ್ಸಿನ ಅಬ್ಬರ ಮಿತಿಯಲ್ಲಿದ್ರೆ ಮಾತ್ರ ಈ ಉಪಾಯ ನಡೆಯುದು. ಮಹಿಷಾಸುರನಿಗೆ ಮಾತ್ರ ಯಾವ ಉಪಾಯವೂ ಇಲ್ಲ. ಅವನು ಸಭೆಯಲ್ಲಿರುವವರೆಗೆ ಮೈಕು ಬಂದ್. ರಂಗ ಹತ್ತಿದ ಮೇಲೆ ತೆರೆದ್ರೆ ಆಯ್ತು.

ಹಿರಿಯರು: ತೆರೆಯುವವ ಯಾರು? ನೀನು. ನನ್ನ ದೊಡ್ಡ ಆತಂಕ ಇರುದು ಇಲ್ಲಿಯೇ. ಆಟದಲ್ಲಿ ಮಾತು ಬರೆದಿಟ್ಟದ್ದಲ್ಲ. ಅರ್ಜುನ ಯಾವಾಗ ಬಾಯಿ ಹಾಕ್ತಾನೆ ಅಂತ ಅರ್ಜುನನಿಗೇ ಗೊತ್ತಿರುದಿಲ್ಲ. ಕೃಷ್ಣನ ಮಾತಿಗೆ ಅವನು “ಹೂಂ” ಅಂದ, ಆ ಹೂಂಕಾರದಲ್ಲೇ ಒಂದು ವಾದ ಉಂಟು. ನೀನು ಅವನ ಮೈಕು ಮುಚ್ಚಿಟ್ಟಿದ್ರೆ ಆ ವಾದ ಸತ್ತಿತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರು ಅರ್ಥಧಾರಿಯ ಒಂದು ಶಬ್ದ ಹಿಡಿದು ಪ್ರಸಂಗವನ್ನೇ ಬೇರೆ ದಾರಿಗೆ ಒಯ್ಯುತ್ತಿದ್ರು. ಹಿಂದೆ ಆ ಮಾತಿಗೂ ಸಭೆಗೂ ನಡುವೆ ಯಾರೂ ಇರಲಿಲ್ಲ. ಈಗ ನೀನಿದ್ದಿ.

ಯುವಕ: ಹೌದು, ನಾನಿದ್ದೇನೆ. ಎಲ್ಲ ಮೈಕು ತೆರೆದೇ ಇಡುವ ಹಾಗೂ ಇಲ್ಲ. ತೆರೆದ ಮೈಕು ಒಂದಿದ್ದದ್ದು ಎರಡಾದ್ರೆ ಕೂಗಾಟಕ್ಕೆ ಮೊದಲು ಸಿಗುವ ಶಬ್ದದಲ್ಲಿ ಸುಮಾರು 3 ಡೆಸಿಬೆಲ್ ಹೋಗ್ತದೆ, ನಾಲ್ಕಾದ್ರೆ ಇನ್ನೊಂದು 3. ಮೇಲಿಂದ ಐದು ಮೈಕಿನಲ್ಲೂ ಚೆಂಡೆ. ಚೌಕಿಗೆ ಹೋದವನ ಮೈಕು ಮುಚ್ಚದಿದ್ರೆ ಅಲ್ಲಿಯ ಮನೆಮಾತು ಸಭೆಗೆ ಕೇಳ್ತದೆ. ಹಾಗಾಗಿ ಮಿಕ್ಸರಿನ ಹತ್ತಿರ ಕೂತವನಿಗೆ ಪ್ರಸಂಗ ಗೊತ್ತಿರಬೇಕು. ಪದ್ಯ ಎತ್ತುಗಡೆ ಆಗುವಾಗ ಯಾರಿಗೆ ಕುಣಿತ, ಮುಕ್ತಾಯ ಆದ ಕೂಡಲೇ ಯಾರ ಅರ್ಥ, ಯಾರು ಕೂತಲ್ಲಿಂದ ಹೂಂಗುಟ್ತಾರೆ, ಇದೆಲ್ಲ ತಲೆಯಲ್ಲಿರಬೇಕು. ರಂಗದಲ್ಲಿ ಮುಖಾಮುಖಿ ಇರುವ ಇಬ್ಬರ ಮೈಕನ್ನು ನಾನು ಪೂರ್ತಿ ಮುಚ್ಚುದಿಲ್ಲ, ಸ್ವಲ್ಪ ತಗ್ಗಿಸಿ ಇಡ್ತೇನೆ.

ಹಿರಿಯರು: ನೀನು ಹಾಗೆ ಮಾಡ್ತಿ. ಎಲ್ಲರೂ ಮಾಡ್ತಾರಾ? ಮೈಕು ಸೆಟ್ಟಿನವನಿಗೆ ಪ್ರಸಂಗಪುಸ್ತಕ ಓದು ಅಂತ ಹೇಳಿದವರು ಯಾರಾದರೂ ಉಂಟಾ?

ಯುವಕ: ಹೇಳುದಿಲ್ಲ. ಕೂಗಿದ್ರೆ ಬೈತಾರೆ, ಸರಿ ಇದ್ರೆ ನೆನಪೂ ಮಾಡುದಿಲ್ಲ. ಒಳ್ಳೆಯ ಒಂದು ಚಾನೆಲಿನ ಸೆಟ್ಟಿಗೆ ಅರ್ಧ ಲಕ್ಷ ದಾಟುದುಂಟು. ಆಟ ಆಡಿಸುವವರು ಅಷ್ಟು ಬಾಡಿಗೆ ಕೊಡುದಿಲ್ಲ. ಅಗ್ಗದ್ದು ತಂದವ ಕೆಟ್ಟು ಹೋಗುವ ಭಯಕ್ಕೆ ಎಲ್ಲವನ್ನೂ ಜೋರು ಇಡ್ತಾನೆ.

ಹಿರಿಯರು: ಜೋರಿನ ಮಾತು ನೀನೇ ತೆಗೆದಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಕಟೀಲಿನ ಮೇಳಗಳು 2022ರ ತಿರುಗಾಟದಲ್ಲಿ ಕಾಲಮಿತಿಗೆ ಬಂದದ್ದಕ್ಕೂ ಇದೇ ಕಾರಣ. ಇಡೀ ರಾತ್ರಿಯ ಆಟವನ್ನು ಮೈಕೇ ಸಣ್ಣದು ಮಾಡಿತು ಅಂತ ನನಗೆ ಕಾಣುದು. ಸ್ವರದಿಂದ ಆಡಿದ್ದರೆ ಯಾರು ಕೇಳ್ತಿದ್ರು?

ಯುವಕ: ಊರು ಮೊದಲಿನ ಹಾಗೆ ಇದ್ದಿದ್ರೆ ಸ್ವರದಿಂದ ಆಡಬಹುದಿತ್ತು. ಗದ್ದೆಯ ಬದಿಯಲ್ಲಿ ಈಗ ಹೆದ್ದಾರಿ, ಸಭೆಯ ಹಿಂದೆ ಐಸ್‌ಕ್ರೀಮಿನವನ ಜನರೇಟರ್. ಆ ಗದ್ದಲದ ಮಧ್ಯೆ ಬರಿಯ ಕಂಠ ಎಷ್ಟು ದೂರ ಹೋದೀತು? ಇನ್ನೊಂದು ವಿಷಯ. ಶಬ್ದ ಹೆಚ್ಚು ಮಾಡುದು ಕಾರ್ಡ್‌ಲೆಸ್ ಅಲ್ಲ. ಮೈಕು ಬಾಯಿಯ ಹತ್ತಿರ ಇದ್ರೆ ಮಾತು ಸ್ಪಷ್ಟ. ಸ್ಪಷ್ಟ ಇದ್ರೆ ಬಾಕ್ಸು ಜೋರು ಇಡಬೇಕೂಂತ ಇಲ್ಲ. 45 ಡೆಸಿಬೆಲ್ ಕಷ್ಟ, ಅದು ಚೆಂಡೆಗೇ ಮೀರ್ತದೆ. ಆದ್ರೆ ಊರಿಡೀ ಕೇಳುವ ಕೊಂಬು ಸ್ಪೀಕರುಗಳನ್ನು ಇಳಿಸಿ, ಸಭೆಗೆ ಮಾತ್ರ ಸಾಕಾಗುವಷ್ಟು ಸಣ್ಣ ಬಾಕ್ಸು ಇಟ್ರೆ ನೆರೆಕರೆಯವರ ದೂರು ಕಡಿಮೆ ಆಗ್ತದೆ.

ಹಿರಿಯರು: ನೀನು ಹೇಳಿದ ಹಾಗೆ ಬಳಸುವವರು ಇದ್ರೆ ಸರಿ. ಆದ್ರೆ ಕೈಯಲ್ಲಿ ಶಕ್ತಿ ಬಂದವರು ಮಿತಿಯಲ್ಲಿ ನಿಂತದ್ದು ನಾನು ಕಂಡದ್ದು ಕಡಿಮೆ. ಸ್ವರಕ್ಕೆ ದೇಹವೇ ಒಂದು ಮಿತಿ ಹಾಕಿತ್ತು. ನಿನ್ನ ಗುಂಡಿಗೆ ಮಿತಿ ಹಾಕುವವರು ಯಾರು?

ಯುವಕ: ನೀವೇ ಹಾಕಬೇಕು. ಕಲಾವಿದರು, ಭಾಗವತರು, ಆಟ ಆಡಿಸುವವರು. ಆಟಕ್ಕೆ ಒಂದು ಗಂಟೆ ಮೊದಲು ಭಾಗವತರು ಬಂದು ಒಂದು ಪದ ಹೇಳಲಿ. ಚೆಂಡೆಯವರು ನಿಜವಾಗಿ ಬಾರಿಸುವಷ್ಟು ಬಾರಿಸಲಿ. ಸಭೆಯ ನಡುವೆ ನಿಂತು ನಿಮ್ಮಂಥವರು ಒಬ್ಬರು “ಸಾಕು” ಅನ್ನಲಿ. ಆ ಸಾಕಿನ ಮೇಲೆ ನಾನು ಹೋಗುದಿಲ್ಲ. ಈಗ ಯಾರೂ ಬರುದಿಲ್ಲ. ಮೊದಲ ಪದ ಶುರು ಆದ ಮೇಲೆ ನಾನು ಹುಡುಕಿಕೊಳ್ಳಬೇಕು.

ಹಿರಿಯರು: ಒಂದು ಷರತ್ತು ನನ್ನದೂ ಉಂಟು. ಕೃಷ್ಣ ಅರ್ಜುನರ ವಾದ ಬಂದಾಗ ಇಬ್ಬರ ಮೈಕೂ ತೆರೆದಿರಬೇಕು. ಒಂದು ಅಕ್ಷರ ತಪ್ಪಿದ್ರೂ ಆ ವಾದಕ್ಕೆ ಅರ್ಥ ಇಲ್ಲ. ಚೆಂಡೆ ಸುಮ್ಮನಿರುವ ಹೊತ್ತು ಅದು, ನಿನಗೆ ಕಷ್ಟ ಆಗಬಾರದು.

ಯುವಕ: ಆಗ್ಲಿ. ಮೇಲಿನ ಮೂರು ಮೈಕನ್ನೂ ತೆಗೆಯುದಿಲ್ಲ, ಒಂದು ಕೈಮೈಕನ್ನೂ ರಂಗದ ಬದಿಯಲ್ಲಿ ಇಡ್ತೇನೆ. ಯಾವ ವೇಷದ್ದಾದರೂ ಕಡಿದ್ರೆ ಮಾತು ನಿಲ್ಲಬಾರದು.

ಹಿರಿಯರು: ಅಂದ್ರೆ ನೀನೂ ಅದನ್ನು ಪೂರ್ತಿ ನಂಬುದಿಲ್ಲ.

ಯುವಕ: ಎರಡನೇ ದಾರಿ ಇಟ್ಟುಕೊಳ್ಳುದೂ ನನ್ನ ಕೆಲಸವೇ ಮಾಷ್ಟ್ರೆ. ನೀವು ಒಂದು ಉಪಕಾರ ಮಾಡಿ. ಇವತ್ತು ಎದುರಿನ ಸಾಲಿನಲ್ಲಿ ಕೂರಬೇಡಿ, ಕೊನೆಯ ಸಾಲಿಗೆ ಹೋಗಿ. ಎಲ್ಲಿ ಮಾತು ತಪ್ಪಿತು ಅಂತ ಬರೆದಿಡಿ.

ಹಿರಿಯರು: ಬರೀತೇನೆ. ಕೇಳಬೇಕಾದ್ದು ಕೇಳದಿದ್ರೂ ಬರೀತೇನೆ, ಕೇಳಬಾರದ್ದು ಕೇಳಿದ್ರೂ ಬರೀತೇನೆ. ಎರಡರ ಲೆಕ್ಕಕ್ಕೂ ನೀನು ಉತ್ತರ ಹೇಳಬೇಕು.

ಯುವಕ: ಹೇಳ್ತೇನೆ. ಕೊನೆಯ ಸಾಲಿನಲ್ಲಿ ಎಲ್ಲ ಅಕ್ಷರ ಕೇಳಿಸಿದ್ರೆ ಅದನ್ನೂ ಬರೀಬೇಕು ನೀವು.